ಒಂದು ಬಿದ್ದಾಗ ನಕ್ಕವರು

ಅವನನ್ನು ಸೇನಾಪತಿ ಎಂದು ಕರೆಯುತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ. ಒಬ್ಬರು ಅಕ್ಕನ ಗಂಡ, ಇನ್ನೊಬ್ಬ ಶಾಲೆಯಲ್ಲಿ ಒಂದೇ ಬೆಂಚಿಗೆ ಕೂತಿದ್ದ ಗುಳಿಗೆ. ಔಷಧಿ ಅಂಗಡಿ ಇಟ್ಟ ದಿನದಿಂದ ಗುಳಿಗೆಗೆ ಆ ಹೆಸರು ಅಂಟಿಕೊಂಡಿತ್ತು. ಮಿಕ್ಕವರಿಗೆಲ್ಲ ಸೇನಾಪತಿ ಬರೀ ಹಲ್ಲು ಸೆಟ್ ಮಾಡುವವನು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವನು ಪ್ಲಾಸ್ಟರ್ ಕಲಸಿ, ಮೇಣ ಕರಗಿಸಿ, ಗುಲಾಬಿ ವಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸಿ ತಿರುಗಿ ಕಳಿಸುತ್ತಿದ್ದ. ಕೆಲವು ಸೆಟ್ಟುಗಳು ಹೋದ ದಾರಿಯಲ್ಲೇ ವಾಪಸು ಬರುತ್ತಿದ್ದವು: ಎಡಗಡೆ ಎತ್ತರವಾಗಿದೆ, ಕಚ್ಚಿದರೆ ಕೂರುವುದಿಲ್ಲ, ಅಜ್ಜಿ ನಕ್ಕರೆ ಕೆಳಗೆ ಬೀಳುತ್ತದೆ. "ಏನ್ರೀ ಲ್ಯಾಬಿನವರೇ" ಎಂದು ಫೋನು ಶುರುವಾಯಿತೆಂದರೆ ಅವನ ತಲೆ ತಾನಾಗಿಯೇ ತಗ್ಗುತ್ತಿತ್ತು.

ಭಾನುವಾರ ಮಧ್ಯಾಹ್ನ ಮಾತ್ರ ಲೆಕ್ಕವೇ ಬೇರೆ. ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಎರಡು ಸ್ಟ್ಯಾಂಡುಗಳ ಮೇಲೆ ಒಂದು ಹಳೇ ಬಾಗಿಲು ಮಲಗಿಸಿ ಹಸಿರು ಬಟ್ಟೆ ಹಾಸಿದ್ದ. ಹಲ್ಲಿನ ಪ್ಲಾಸ್ಟರಿನಲ್ಲೇ ಗುಡ್ಡ ಕಟ್ಟಿದ್ದ, ಹೊಳೆ ಹರಿಸಿದ್ದ. ಸೈನಿಕರೂ ಅವನ ಕೈಕೆಲಸವೇ. ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಸೀಸದ ಆಳುಗಳು, ಒಬ್ಬೊಬ್ಬನ ಕೋಟಿಗೂ ಗುಂಡಿ, ಒಂದೊಂದು ಕುದುರೆಗೂ ಕಣ್ಣು. ಮುಖಕ್ಕೆ ವಸಡಿನ ಗುಲಾಬಿ ಬಣ್ಣವನ್ನೇ ಬಳಿಯುತ್ತಿದ್ದುದರಿಂದ ಸಾಯಲು ಹೊರಟವರೆಲ್ಲ ಬಹಳ ಆರೋಗ್ಯವಾಗಿ ಕಾಣುತ್ತಿದ್ದರು. ಆ ಮೇಜಿನ ತುದಿಗೆ ನಿಂತಾಗ ಅವನು ಲ್ಯಾಬಿನವನಲ್ಲ, ಸೇನಾಪತಿ. ಅದೂ ಎಂಥ ಸೇನಾಪತಿ! ಎರಡು ವರ್ಷದಿಂದ ಸೋಲನ್ನೇ ಕಂಡವನಲ್ಲ. ವಾರವೆಲ್ಲ ತಗ್ಗಿಸಿದ ತಲೆಯನ್ನು ಅವನು ಎತ್ತುತ್ತಿದ್ದದ್ದು ಅಲ್ಲಿ ಮಾತ್ರ.

ಈ ಆಟಕ್ಕೆ ಒಂದೇ ನಿಯಮವೆಂಬುದಿಲ್ಲ. ಹಳೇ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಆಡುವುದು ಹೇಗೆಂದು ತಲೆಗೊಬ್ಬರು ಪುಸ್ತಕ ಬರೆದಿರುತ್ತಾರೆ. ಒಂದರಲ್ಲಿ ದೂರವನ್ನು ಟೇಪಿನಿಂದ ಅಳೆಯುವಂತಿಲ್ಲ, ಕಣ್ಣಂದಾಜಿನಲ್ಲೇ ಗುಂಡು ಹಾರಿಸಬೇಕು. ಇನ್ನೊಂದರಲ್ಲಿ ದಂಡನಾಯಕನ ಅಪ್ಪಣೆ ದಳಕ್ಕೆ ಮುಟ್ಟುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ. ಮತ್ತೊಂದರಲ್ಲಿ ಬೂಟು ಸವೆದದ್ದಕ್ಕೂ ಲೆಕ್ಕ. ಅದನ್ನು ಆಡಿದ ದಿನ ಭಾವ, "ಇದನ್ನ ಓದಿ ಮುಗಿಸೋಷ್ಟರಲ್ಲಿ ಸೈನಿಕರಿಗೆಲ್ಲ ಪಿಂಚಣಿ ವಯಸ್ಸಾಗುತ್ತಪ್ಪ" ಎಂದಿದ್ದರು. ಭಾವ ಬಸ್ ಡಿಪೋದಲ್ಲಿ ವೇಳೆ ನೋಡಿಕೊಳ್ಳುವವರು, ತಡವೆಂದರೆ ಅವರಿಗಾಗದು.

ಹೊಸ ಪುಸ್ತಕಕ್ಕೆ ಸೇನಾಪತಿ ಒಂದು ಕಟ್ಟುಪಾಡು ಮಾಡಿದ್ದ. ಅದರ ಪ್ಲಾಸ್ಟಿಕ್ ಹೊದಿಕೆಯ ಸೀಲು ಒಡೆಯುವುದು ಮೇಜಿನ ಮುಂದೆಯೇ, ಮೂವರೂ ನೋಡುತ್ತಿರುವಾಗ. ಅವನು ಗಟ್ಟಿಯಾಗಿ ಓದುತ್ತಾನೆ, ಎಷ್ಟು ಓದಿಯಾಯಿತೋ ಅಷ್ಟೇ ಆಟ. ಮುಂದಿನ ಪುಟವನ್ನು ಯಾರೂ ಇಣುಕುವಂತಿಲ್ಲ. "ರಣರಂಗದಲ್ಲಿ ನಿಂತವನಿಗೆ ಮುಂದೇನು ಅಂತ ಗೊತ್ತಿತ್ತೇನು? ನಮಗೂ ಗೊತ್ತಿರಬಾರದು. ಮೂವರೂ ಒಟ್ಟಿಗೆ ತಪ್ಪೋಣ, ಒಟ್ಟಿಗೆ ಕಲಿಯೋಣ" ಎನ್ನುತ್ತಿದ್ದ. ಆ ಮಾತು ಅವನಿಗೆ ದೇವರಾಣೆಗಿಂತ ಹೆಚ್ಚು.

ಆ ಭಾನುವಾರ ನೆಪೋಲಿಯನ್ ಕಾಲದ ಯುದ್ಧಕ್ಕೆಂದು ಗುಳಿಗೆ ತರಿಸಿದ್ದ ಹೊಸ ಪುಸ್ತಕ. ಸೀಲು ಒಡೆದರು, ದಳ ನಿಲ್ಲಿಸಿದರು. ನೀಲಿ ಕೋಟಿನವರು ಸೇನಾಪತಿಯ ಕಡೆ, ಬಿಳಿಯವರು ಭಾವನ ಕಡೆ. ಗುಳಿಗೆ ಮಧ್ಯಸ್ಥ, ಸತ್ತವರನ್ನು ಎತ್ತಿಡುವ ಕೆಲಸ ಅವನದು. ನಡೆಯುವ ನಿಯಮ ಓದಿ ನಡೆದದ್ದಾಯಿತು. ಮುಂದೆ ಗುಂಡು ಹಾರಿಸುವುದು. ಸೇನಾಪತಿ ಪುಟದ ಕೊನೆಯ ಸಾಲು ಓದಿದ: "ದಳಕ್ಕೆ ಎರಡು ದಾಳ ಎಸೆಯಿರಿ. ಫಲ ಮುಂದಿನ ಪುಟದಲ್ಲಿ."

"ತಾಳು, ಎಸೆದುಬಿಡ್ತೀನಿ," ಎಂದು ಭಾವ ದಾಳ ಉರುಳಿಸಿದರು.

ಎರಡರಲ್ಲೂ ಒಂದೊಂದೇ ಚುಕ್ಕೆ.

ಅಲ್ಲಿಯವರೆಗೆ ಅವರು ಆಡಿದ ಅಷ್ಟೂ ಪುಸ್ತಕಗಳಲ್ಲಿ ಒಂದು ಬಿದ್ದರೆ ಕೆಟ್ಟಿತೆಂದೇ ಅರ್ಥ. ಕುದುರೆ ಮುಗ್ಗರಿಸುತ್ತಿತ್ತು, ಮದ್ದು ಒದ್ದೆಯಾಗುತ್ತಿತ್ತು. ಒಂದು ಬಿದ್ದವರು ತಲೆ ಚಚ್ಚಿಕೊಳ್ಳುವುದು ವಾಡಿಕೆ. ಆದರೆ ಭಾವ ತೊಡೆ ತಟ್ಟಿ ನಕ್ಕರು. "ಬಿತ್ತು ನೋಡು! ಎರಡಕ್ಕೆರಡೂ!" ಗುಳಿಗೆಯೂ ನಗುತ್ತ ಕೈ ಚಾಚಿ ಸೇನಾಪತಿಯ ಮುಂಸಾಲಿನಿಂದ ಇಬ್ಬರು ನೀಲಿ ಕೋಟಿನವರನ್ನು ಎತ್ತಿಯೇಬಿಟ್ಟ.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ಸೇನಾಪತಿಯ ಹೆಬ್ಬೆರಳು ಇನ್ನೂ ತಿರುವದ ಪುಟದ ಅಂಚಿನಲ್ಲಿತ್ತು. ಭಾವ ಕೆಮ್ಮಿದರು. "ಅಯ್ಯೋ, ಒಂದು ಬಿತ್ತಲ್ಲಪ್ಪ... ದುಃಖಕ್ಕೆ ನಗು ಬಂತು." ಗುಳಿಗೆ ಸೈನಿಕರನ್ನು ಮೆಲ್ಲಗೆ ಇದ್ದಲ್ಲೇ ಇಟ್ಟ. ಒಬ್ಬನನ್ನು ಹಿಂದುಮುಂದಾಗಿ ನಿಲ್ಲಿಸಿದ.

ಸೇನಾಪತಿ ಪುಟ ತಿರುವಿ ಓದಿದ. ದನಿ ಅವನಿಗೇ ಬೇರೆಯವರದ್ದೆನಿಸಿತು. "ಅಂಕಿ ಚಿಕ್ಕದಾದಷ್ಟೂ ಗುರಿ ಖಚಿತ. ಬಿದ್ದ ಪ್ರತಿ ಒಂದಕ್ಕೂ ಎದುರಾಳಿಯ ಒಬ್ಬ ಸೈನಿಕ ಬೀಳುತ್ತಾನೆ."

ಆ ಇಬ್ಬರನ್ನೂ ಅವನೇ ಎತ್ತಿ ಪಕ್ಕಕ್ಕಿಟ್ಟ. ಎಲ್ಲೋ ಇಣುಕಿ ನೋಡಿರಬೇಕು, ಕಳ್ಳರು, ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆದರೆ ಸೀಲು ಒಡೆದದ್ದು ಅವನೇ. ಪರೀಕ್ಷಿಸಿಯೇ ನೋಡೋಣ ಎನಿಸಿತು. ತನ್ನ ಸರದಿ ಬಂದಾಗ, ಈ ಜನ್ಮದಲ್ಲಿ ಮಾಡದ ಕೆಲಸವೊಂದನ್ನು ಮಾಡಿದ. ಫಿರಂಗಿಗಳ ಕಾವಲಿಗಿದ್ದ ದಳವನ್ನು ಎತ್ತಿ ದೂರದ ಗುಡ್ಡದ ಹಿಂದೆ ಇಟ್ಟ. ಫಿರಂಗಿಗಳು ಬಟ್ಟಬಯಲಲ್ಲಿ ಒಂಟಿಯಾದವು. ಎದುರಿಗೆ, ಗೇಣು ದೂರದಲ್ಲಿ, ಭಾವನ ಕುದುರೆ ಪಡೆ. ಆಟ ಬಾರದ ಮಗು ಕೂಡ ಅವನ್ನು ಹಿಡಿಯುತ್ತಿತ್ತು.

ಭಾವ ಕಿವಿ ಕೆರೆದುಕೊಂಡರು. ಗುಳಿಗೆಯ ಮುಖ ನೋಡಿದರು. ಆಮೇಲೆ ಕುದುರೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ಹೊಳೆಯ ದಡದಲ್ಲಿ ನಿಲ್ಲಿಸಿದರು. "ಪಾಪ, ಬಾಯಾರಿರುತ್ತೆ," ಎಂದರು.

"ಭಾವ, ಫಿರಂಗಿ ಯಾಕೆ ಹಿಡೀಲಿಲ್ಲ?"

"ಯಾವ ಫಿರಂಗಿ?"

"ನಿಮ್ಮ ಮೂಗಿನ ಕೆಳಗಿದೆಯಲ್ಲ, ಅದು."

"ಓ, ಅದಾ! ಏನೋ ಮೋಸ ಇರಬಹುದು ಅಂತ ಬಿಟ್ಟೆ."

"ಇತ್ತು," ಎಂದ ಸೇನಾಪತಿ. "ಯಾರದು ಅಂತ ನೀವೇ ಹೇಳಿ."

ಭಾವ ಮತ್ತೆ ಕಿವಿ ಕೆರೆದುಕೊಂಡರು. ಬಾಯಿ ಬಿಟ್ಟವನು ಗುಳಿಗೆ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಶಾಲೆಯ ಕಾಲದಿಂದ ಖ್ಯಾತಿ. "ಗುರುವಾರ ಗುರುವಾರ ಆಡ್ತೀವಿ ಕಣೋ. ನಮ್ಮ ಅಂಗಡಿ ಅಟ್ಟದಲ್ಲಿ. ಪುಸ್ತಕ ಎರಡೆರಡು ತರಿಸ್ತೀನಿ. ಒಂದು ಅಲ್ಲಿಗೆ, ಸೀಲು ಇರೋದು ಇಲ್ಲಿಗೆ."

"ಅಟ್ಟದಲ್ಲಿ ಕೆಮ್ಮಿನ ಔಷಧಿ ಡಬ್ಬ ತಾನೇ ಇರೋದು?"

"ಸರಿಸಿದ್ವಿ."

"ಸೈನಿಕರು?"

ಗುಳಿಗೆ ಹಸಿರು ಬಟ್ಟೆಯ ಸುಕ್ಕು ಬಿಡಿಸತೊಡಗಿದ. ಸೇನಾಪತಿಗೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು. "ಸೋದರಳಿಯನಿಗೆ ಉಡುಗೊರೆ ಅಂತ ಒಂದು ಇಡೀ ಸೈನ್ಯ ಮಾಡಿಸ್ಕೊಂಡೆಯಲ್ಲೋ. ಮಳೆಗಾಲ ಪೂರ್ತಿ ಕೂತು ಬಣ್ಣ ಹಾಕಿದ್ದೆ. ಅದಾ?"

"ನಾನು ಒಬ್ಬನೇ ಮಗ," ಎಂದ ಗುಳಿಗೆ. "ನಂಗೆ ಅಕ್ಕತಂಗೀರೇ ಇಲ್ಲ. ಸೋದರಳಿಯ ಎಲ್ಲಿಂದ ಬಂದ ಅಂತ ನೀನು ಕೇಳ್ತೀಯ ಅಂತ ಹೆದರಿದ್ದೆ. ಕೇಳಲೇ ಇಲ್ಲ."

ತನ್ನನ್ನು ಕೂರಿಸದ ಮೇಜಿಗೆ ತಾನೇ ಸೈನ್ಯ ಕಟ್ಟಿ ಕೊಟ್ಟಿದ್ದ. ಒಂದೊಂದು ಗುಂಡಿಗೂ ಉಸಿರು ಬಿಗಿಹಿಡಿದು ಕುಂಚ ಮುಟ್ಟಿಸಿದ್ದ. ಸೇನಾಪತಿ ಕುರ್ಚಿ ಎಳೆದು ಕೂತ.

"ನಾನು ಏನು ಮಾಡಿದ್ದೆ ಭಾವ ನಿಮಗೆ?"

"ಏನು ಮಾಡಿದ್ದೆಯಾ?" ಭಾವನಿಗೂ ಈಗ ಬಿಸಿಯೇರಿತು. "ಕೊನೇ ಸಲ ಸೋತಾಗ ಪುಸ್ತಕಾನ ಕಿಟಕಿಯಿಂದ ಎಸೆದೆ. ಕೆಳಗೆ ಹೋಗ್ತಿದ್ದ ಬ್ಯಾಂಡಿನವನ ತಲೆ ಮೇಲೆ ಬಿತ್ತು. ಅವನ ಕಾಲು ಹಿಡಿದೋನು ನಾನು! ಒಂದು ತಿಂಗಳು ನಮ್ಮ ಜೊತೆ ಮಾತಿಲ್ಲ ಕತೆಯಿಲ್ಲ. ಒಂದೊಂದು ನಿಯಮಕ್ಕೂ ಕೋರ್ಟಿನ ಹಾಗೆ ವಾದ. ಬಿಟ್ಟು ಹೋಗಬಹುದಿತ್ತು. ಹೋಗ್ಲಿಲ್ಲ. ಅದಕ್ಕೇನಾ ಈ ಸಿಟ್ಟು?"

"ಹೋಗಿದ್ರೆ ಹೋದ್ರು ಅಂತ ಗೊತ್ತಾಗ್ತಿತ್ತು," ಎಂದ ಸೇನಾಪತಿ. ಆಮೇಲೆ ಕೇಳಿದ, "ಆ ಸೇತುವೆ ಯುದ್ಧ? ನಾನು ಹಿಂದಿನಿಂದ ಬಂದು ಸುತ್ತುವರಿದೆನಲ್ಲ, ಅದೂ ನೀವು ಬಿಟ್ಟುಕೊಟ್ಟಿದ್ದಾ?"

ಆ ಯುದ್ಧದ ನಕ್ಷೆಯನ್ನು ಅವನು ಹಲ್ಲಿನ ಪಾರ್ಸೆಲ್ಲು ಒಯ್ಯಲು ಬರುವ ಹುಡುಗರಿಗೆಲ್ಲ ಪ್ಲಾಸ್ಟರಿನ ಪುಡಿಯಲ್ಲಿ ಬರೆದು ತೋರಿಸಿದ್ದ. ಭಾವ ಕಿಟಕಿಯ ಕಡೆ ನೋಡಿದರು.

"ಮಂಜಿನ ಯುದ್ಧ?"

"ಅದರಲ್ಲಿ ನೀನು ನಿಜವಾಗ್ಲೂ ಸ್ವಲ್ಪ ಕಷ್ಟ ಕೊಟ್ಟೆ," ಎಂದರು ಭಾವ, ಉದಾರವಾಗಿ.

ಆ ಉದಾರತೆಯೇ ಅವನನ್ನು ಸುಟ್ಟಿತು. ಎದ್ದು ನಿಂತ. "ಕುದುರೆ ನೀರು ಕುಡಿದಿದ್ದು ಸಾಕು. ಆ ನಡೆ ವಾಪಸು ತಗೊಳ್ಳಿ. ಈಗ ಆಡಿ. ಗುರುವಾರ ಹೇಗೆ ಆಡ್ತೀರೋ ಹಾಗೆ."

"ಬೇಡ ಬಿಡಪ್ಪ."

"ಆಡಿ ಅಂದೆ."

ಭಾವ ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ ಸೇನಾಪತಿ ಕಂಡದ್ದು ತಾನು ಎಂದೂ ಕಾಣದ ಮನುಷ್ಯನನ್ನು. ಕಿವಿ ಕೆರೆಯುವುದಿಲ್ಲ, ತಮಾಷೆಯಿಲ್ಲ, ಪುಸ್ತಕದ ಕಡೆ ನೋಟವೇ ಇಲ್ಲ. ಎರಡು ಬೆರಳಲ್ಲಿ ಕುದುರೆಗಳನ್ನು ಎತ್ತಿ ಇಡುವುದು, ದಾಳ ಎಸೆಯುವುದು, ಮುಂದಿನ ದಳ. ಡಿಪೋದಲ್ಲಿ ಬಸ್ಸು ಬಿಡುವ ಹಾಗೆ. ಫಿರಂಗಿಗಳು ಹೋದವು. ಗುಡ್ಡದ ಹಿಂದಿನ ದಳ ಹೋಯಿತು. ಸೇನಾಪತಿ ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ತೆಗೆದ. ಒಂದೂ ನಾಟಲಿಲ್ಲ. ಅವು ಯಾವತ್ತೂ ನಾಟುವಂಥವಾಗಿರಲೇ ಇಲ್ಲ. ಎದುರಿನವರು ಬಾಗಿಲು ತೆಗೆದು ಹಿಡಿದಿದ್ದಕ್ಕೆ ಇವನು ಒಳಗೆ ನುಗ್ಗಿದ್ದ, ಅಷ್ಟೇ. ಅವರಿಬ್ಬರೂ ಅಟ್ಟದಲ್ಲಿ ಸೋತು ಸೋತು ಕಲಿಯುತ್ತಿದ್ದಾಗ ಇವನು ಇಲ್ಲಿ ಗೆದ್ದು ಗೆದ್ದು ದಡ್ಡನಾಗಿದ್ದ.

ಕೊನೆಗೆ ನೀಲಿ ಕೋಟಿನವರು ಮೇಜಿನ ಮೂಲೆಯಲ್ಲಿ ಬೆರಳೆಣಿಕೆಯಷ್ಟು ಉಳಿದರು. ಆಗ ಅವನ ಕಣ್ಣಿಗೆ ಬಿತ್ತು: ಭಾವನ ಬಲಗಡೆಯ ದಳವೊಂದು ಆಟ ಪೂರ್ತಿ ಅಲುಗದೆ ನಿಂತಿತ್ತು. ಅದು ಬಂದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ.

"ಅದನ್ನ ಯಾಕೆ ನಡೆಸಲಿಲ್ಲ?"

"ಬೇಕಾಗಲಿಲ್ಲ," ಎಂದರು ಭಾವ.

ನಿಜವಿರಬಹುದು. ಕನಿಕರವೂ ಇರಬಹುದು. ಸೇನಾಪತಿ ಭಾವನ ಮುಖವನ್ನು ಹುಡುಕಿದ. ಅದು ದಿನವೂ ಕಾಣುವ ಮುಖವೇ, ಒಳ್ಳೆಯ ಮುಖ. ಅದನ್ನು ನೋಡಿ ಏನನ್ನೂ ತಿಳಿಯುವಂತಿರಲಿಲ್ಲ. ಸೋಲನ್ನು ಕೂಡ ನಂಬಲಾಗದ ಸ್ಥಿತಿಗೆ ತಂದಿಟ್ಟಿದ್ದರು.

"ಗುರುವಾರ ನೀನೂ ಬಾರೋ," ಎಂದ ಗುಳಿಗೆ ಸಣ್ಣ ದನಿಯಲ್ಲಿ.

ಸೇನಾಪತಿ ಚಪ್ಪಲಿ ಮೆಟ್ಟಿ ಹೊರಟ. ಹಿಂದಿನಿಂದ ಭಾವ, "ಅಕ್ಕನ ಹತ್ರ ಹೋಗ್ಬೇಡ, ಸುಮ್ನೆ ರಂಪ ಆಗುತ್ತೆ" ಎಂದು ಕೂಗಿದರು. ಅವನು ಹೊರಟಿದ್ದೇ ಅಲ್ಲಿಗೆ. ಚಿಕ್ಕಂದಿನಿಂದ ಯಾರು ಹೊಡೆದರೂ ಬೈದರೂ ಅವನು ಓಡುತ್ತಿದ್ದ ಜಾಗ ಅದೊಂದೇ. ಇವತ್ತು ಭಾವನಿಗೆ ಮಂಗಳಾರತಿ ಗ್ಯಾರಂಟಿ ಎಂದುಕೊಂಡು ಎರಡು ಬೀದಿಗಳನ್ನು ದಾಪುಗಾಲಿನಲ್ಲಿ ದಾಟಿದ.

ಅಕ್ಕ ಕಿಟಕಿಯ ಪಕ್ಕ ಇಸ್ತ್ರಿ ಮಾಡುತ್ತಿದ್ದಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ: ದಾಳ, ನಗು, ಅಟ್ಟ, ಇಲ್ಲದ ಸೋದರಳಿಯ. ಹೇಳಿ ಮುಗಿಸಿ, ಅಕ್ಕ ಇಸ್ತ್ರಿ ಪೆಟ್ಟಿಗೆ ಕುಕ್ಕುವುದನ್ನು ಕಾದ. ಅವಳು ತೋಳಿನ ಗೆರೆ ಮುಗಿಸಿ, ಅಂಗಿ ತಿರುವಿ ಹಾಕಿ ನಿಟ್ಟುಸಿರು ಬಿಟ್ಟಳು.

"ಎಷ್ಟು ಸಲ ಬಡ್ಕೊಂಡಿದ್ದೆ ಇವರಿಗೆ. ಗುರುವಾರದ್ದನ್ನ ಭಾನುವಾರ ಮುಖದಲ್ಲಿ ತೋರಿಸಬೇಡಿ ಅಂತ."

ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಸೇನಾಪತಿ ಆ ಸದ್ದನ್ನೇ ಕೇಳುತ್ತ ನಿಂತ.

"ನೀನಾ?"

"ನಿನ್ನ ಒಳ್ಳೇದಕ್ಕೇ ಅಲ್ವೇನೋ. ಆ ಸಲ ಸೋತಾಗ ಬಾಗಿಲು ಹಾಕ್ಕೊಂಡು, ಊಟ ಬಿಟ್ಟು ಕೂತಿದ್ದೆ. ಇವರು ಇನ್ನು ಆ ಕಡೆ ತಲೆ ಹಾಕಲ್ಲ ಅಂದ್ರು. ನಾನೇ ಬೇಡ್ಕೊಂಡೆ. ನಿಮ್ಮದೇನು ಗಂಟು ಹೋಗುತ್ತೆ, ಗೆಲ್ಲಿಸಿಬಿಡಿ, ಅವನಿಗೆ ಇರೋದೇ ಅದೊಂದು ಅಂದೆ."

ಅವನಿಗೆ ಇರೋದೇ ಅದೊಂದು. ಅದು ಅವನಿಗೂ ಗೊತ್ತಿತ್ತು. ಬೇರೆಯವರೂ ಹಾಗೆ ಮಾತಾಡಿಕೊಳ್ಳುತ್ತಾರೆಂದು ಗೊತ್ತಿರಲಿಲ್ಲ.

"ಚಿಕ್ಕವರಿದ್ದಾಗ ಗೋಲಿ ಆಡ್ತಿದ್ವಲ್ಲ ಅಕ್ಕ," ಎಂದ. "ಒಂದೇ ಒಂದು ಸಲಾನೂ ನೀನು ಗೆದ್ದಿದ್ದು ನಂಗೆ ನೆನಪಿಲ್ಲ."

ಅಕ್ಕ ಆಗಲೇ ನುಣ್ಣಗಿದ್ದ ಕಾಲರಿನ ಮೇಲೆ ಮತ್ತೊಮ್ಮೆ ಪೆಟ್ಟಿಗೆ ಎಳೆದಳು.

"ನೀನು ಅಳ್ತಿದ್ದೆ," ಎಂದಳು.

ಅವನು ತಲೆಯಾಡಿಸಿದ. ಕೂಗಾಡಬೇಕೆನಿಸಲಿಲ್ಲ. ಎಸೆಯಲು ಕೈಯಲ್ಲಿ ಏನೂ ಇರಲಿಲ್ಲ. "ಭಾನುವಾರ ಯಾರೂ ಬರೋದು ಬೇಡ ಅಂತ ಭಾವಂಗೆ ಹೇಳಿಬಿಡು," ಎಂದು ಹೊಸಿಲು ದಾಟಿದ.

"ಮತ್ತೆ ಗುರುವಾರ?" ಅಕ್ಕ ಕಿಟಕಿಯಿಂದಲೇ ಕೇಳಿದಳು. "ಗುರುವಾರ ಹೋಗ್ತೀಯೇನೋ? ಅಲ್ಲಿ ಯಾರೂ ಬಿಟ್ಟುಕೊಡಲ್ಲ. ನಾನು ಹೇಳ್ತೀನಿ ಅವರಿಗೆ."

ಚಪ್ಪಲಿಗೆ ಕಾಲು ತೂರಿಸುತ್ತಿದ್ದವನು ಅರ್ಧಕ್ಕೆ ನಿಂತ. ನಾನು ಹೇಳ್ತೀನಿ ಅವರಿಗೆ. ಗೆಲ್ಲಿಸಿ ಅಂತ ಹೇಳಿದವಳೂ ಅವಳೇ, ಸೋಲಿಸಿ ಅಂತ ಹೇಳುವವಳೂ ಅವಳೇ. ಇನ್ನೊಂದು ಕಾಲಿನದನ್ನು ಕೈಯಲ್ಲೇ ಹಿಡಿದುಕೊಂಡು, ಅವಳ ಕಡೆ ತಿರುಗದೆ, ಗೇಟು ತೆಗೆದು ಬೀದಿಗಿಳಿದ.