ಶೀಟಿನ ಮೇಲಿನ ಬಿಸಿಲು

"ಮೋಡ ಮುಸುಕ್ಯಾವೇನು ಇವತ್ತ?"

ಬನವ್ವ ಹೀಗೆ ಕೇಳಿದಾಗ ನಡುಮನೆಯಲ್ಲಿ ಯಾರೂ ಇರಲಿಲ್ಲ. ಸೊಸೆ ಹಿಂದಿನ ಬಚ್ಚಲಲ್ಲಿ ಬಟ್ಟೆ ಕುಕ್ಕುತ್ತಿದ್ದಳು. ಮಗ ಅಂಗಡಿಗೆ ಹೋಗಿದ್ದ. ಆ ಮಾತನ್ನು ಕೇಳಿಸಿಕೊಂಡವನು ನಾನೊಬ್ಬನೇ.

ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ. ಸೂರ್ಯ ನೇರ ನನ್ನ ಮೈಮೇಲೆಯೇ ನಿಂತಿದ್ದ. ನನ್ನನ್ನು ಹಾದು ಇಳಿದ ಬಿಸಿಲು ಒಂದು ಮೊಳ ಕೆಳಗೆ ಪ್ಲಾಸ್ಟಿಕ್ ಶೀಟಿನ ಬೆನ್ನಿಗೆ ಬಿದ್ದು ಅಲ್ಲೇ ಸುಮ್ಮನೆ ಕಾಯುತ್ತಿತ್ತು. ಶೀಟಿನ ಆಚೆ, ನನಗೆ ಕಾಣದ ನೆಲದ ಮೇಲೆ, ಅವಳೂ ಕಾಯುತ್ತಿದ್ದಳು. ಮಣೆ ಎಳೆದುಕೊಂಡ ಸದ್ದು ಕೇಳಿತ್ತು. ಪುರಾಣದ ಪುಸ್ತಕಕ್ಕೆ ಸುತ್ತಿದ ಖಣದ ಬಟ್ಟೆಯ ಗಂಟು ಬಿಚ್ಚಿದ್ದೂ ಕೇಳಿತ್ತು. ಓದು ಮಾತ್ರ ಕೇಳಲಿಲ್ಲ.

ನಾನು ಒಂದು ಗಾಜಿನ ಹಂಚು. ಹಂಚಾಗುವ ಮೊದಲು ನಾನು ಏನೇನೋ ಆಗಿದ್ದೆ. ಔಷಧಿ ಬಾಟಲಿ, ಕಂದೀಲಿನ ಒಡೆದ ಬುರುಡೆ, ಯಾರೋ ಒಡೆದುಕೊಂಡ ಬಳೆಯ ಚೂರು. ಎಲ್ಲವನ್ನೂ ದೂರದ ಒಂದು ಕಾರ್ಖಾನೆಯ ಕುಲುಮೆಯಲ್ಲಿ ಕರಗಿಸಿ ಅಚ್ಚಿಗೆ ಸುರಿದರು. ಅಚ್ಚು ಒತ್ತುವವನು ಹಣೆಯ ಬೆವರು ಒರೆಸಲು ತುಸು ತಡೆದಿರಬೇಕು. ನನ್ನ ನಡುವೆ ಕಡಲೆಕಾಳಿನಷ್ಟು ಒಂದು ಗುಳ್ಳೆ ಉಳಿದುಬಿಟ್ಟಿತು. ಹುಟ್ಟಿದ ಗಳಿಗೆಯಲ್ಲೇ ನನ್ನನ್ನು ಬೇರೆ ಸಾಲಿಗೆ ತಳ್ಳಿದರು.

ಹುಲ್ಲಿನಲ್ಲಿ ಹುದುಗಿ, ಗೂಡ್ಸ್ ಗಾಡಿಯಲ್ಲಿ ಬಂದು, ಗದಗಿನ ಒಂದು ಅಂಗಡಿಯ ಮೂಲೆ ಸೇರಿದೆ. ನನ್ನ ಜೊತೆಯವು ಒಂದೊಂದಾಗಿ ಹೋದವು. ನನ್ನನ್ನು ಕೈಗೆತ್ತಿಕೊಂಡವರೆಲ್ಲ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಕೊನೆಗೊಬ್ಬ ತೆಳ್ಳನೆಯ ಮನುಷ್ಯ ಬಂದ. ಬೆರಳ ತುದಿಗಳಿಗೆ ಬಣ್ಣ ಹತ್ತಿತ್ತು. ಬೆಟಗೇರಿಯ ನೇಕಾರ, ರೇವಪ್ಪ.

"ಅದು ಬ್ಯಾಡ್ರಿ, ಅದರ ಕಣ್ಣಾಗ ಹೂ ಬಿದ್ದೈತಿ," ಅಂದ ಅಂಗಡಿಯವ.

"ಇರಲಿ ಬಿಡ್ರಿ. ನಮ್ಮ ಮನಿಗೆ ಕಣ್ಣ ಇಲ್ಲ. ಹೂ ಬಿದ್ದದ್ದರ ಒಂದಿರಲಿ," ಅಂದ ರೇವಪ್ಪ.

ಅವನು ಹೇಳಿದ್ದು ಸುಳ್ಳಲ್ಲ. ಅಷ್ಟು ಕುರೂಪದ ಮನೆಯನ್ನು ನಾನು ಮತ್ತೆ ನೋಡಲಿಲ್ಲ. ನೋಡಲು ನಾನು ಬೇರೆಲ್ಲೂ ಹೋಗಲಿಲ್ಲ ಎನ್ನುವುದೂ ನಿಜ. ನೇಕಾರ ಓಣಿಯಲ್ಲಿ ಎರಡು ಮನೆಗಳ ನಡುವೆ ಹಿಂಡಿ ಕೂರಿಸಿದ ಹಾಗೆ ಅಗಲ ಕಡಿಮೆ, ಉದ್ದ ಬಹಳ. ಎರಡೂ ಕಡೆಯ ಗೋಡೆಗಳು ನೆರೆಯವರದ್ದೂ ಹೌದು, ಆದ್ದರಿಂದ ಕಿಟಕಿಯ ಮಾತೇ ಇಲ್ಲ. ಒಲೆಯ ಹೊಗೆಗೆ ತೊಲೆಗಳು ಕಾಡಿಗೆಯಾಗಿದ್ದವು. ಗೋಡೆಯ ಮಣ್ಣು ಮುಟ್ಟಿದರೆ ಉದುರುತ್ತಿತ್ತು. ನಡುಮನೆಯಲ್ಲಿ ನೆಲ ಅಗೆದು ಮಾಡಿದ ಕುಣಿ, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಮಣ್ಣಿನ ಮಾಳಿಗೆ ಸೋರಿ ಸೋರಿ ಸಾಕಾಗಿ, ಆ ವರ್ಷ ರೇವಪ್ಪ ಹೇಗೋ ಹೊಂದಿಸಿ ಹಂಚು ಹೊದಿಸುತ್ತಿದ್ದ. ಮಗ್ಗದ ನೇರಕ್ಕೆ ಒಂದೇ ಒಂದು ಹಂಚಿನ ಜಾಗ ಬಿಟ್ಟು ಅಲ್ಲಿ ನನ್ನನ್ನು ಕೂರಿಸಿದ.

ಮೊದಲ ಸಲ ಬಿಸಿಲು ಒಳಗಿಳಿದಾಗ ಹೊಸ ಮದುವಣಗಿತ್ತಿ ಬನವ್ವ ಕೈಯೊಡ್ಡಿ ಅದನ್ನು ಹಿಡಿಯಲು ನೋಡಿದ್ದು ನೆನಪಿದೆ. ನನ್ನ ಗುಳ್ಳೆಯ ನೆರಳು ಅವಳ ಅಂಗೈ ನಡುವೆ ಒಂದು ಚುಕ್ಕೆಯಾಗಿ ಕೂತಿತ್ತು.

"ನೋಡ್ರಿಲ್ಲೆ, ಬಿಸಲಿಗೂ ಕುಂಕುಮ ಹಚ್ಯಾರ," ಅಂದಳು.

ನನ್ನ ಬಾಳಿನ ಒಳ್ಳೆಯ ಕಾಲ ಅದು. ರೇವಪ್ಪ ನೇಯುವಾಗ ಪದ್ಯ ಹೇಳುತ್ತಿದ್ದ. ಅವನಪ್ಪ ಮಠದಲ್ಲಿ ಪುರಾಣ ಓದುತ್ತಿದ್ದವನಂತೆ. ಲಾಳಿ ಈ ಕಡೆಯಿಂದ ಆ ಕಡೆಗೆ ಓಡುವಾಗ ಅರ್ಧ ಸಾಲು, ಆ ಕಡೆಯಿಂದ ಈ ಕಡೆಗೆ ಬರುವಾಗ ಇನ್ನರ್ಧ. ಮಗ್ಗದ ಹಲಗೆ ಎಳೆಯನ್ನು ಬಡಿದಲ್ಲಿ ಸಾಲಿನ ನಿಲುಗಡೆ. ರಾಜ್ಯ ಕಳೆದುಕೊಂಡ ರಾಜರು, ಕಾಡಿನಲ್ಲಿ ಹೆರಿಗೆಯಾದ ರಾಣಿಯರು, ಬೇಡಿದ ಮೇಲೆ ಇಲ್ಲವೆನ್ನದೆ ಕೊಟ್ಟು ಕೆಟ್ಟವರು, ಎಲ್ಲರೂ ಆ ಕುಣಿಯಿಂದ ಎದ್ದು ನನ್ನವರೆಗೆ ಬರುತ್ತಿದ್ದರು. ನನಗೆ ಬೇರೆ ಪೂಜೆ ಗೊತ್ತಿಲ್ಲ. ಕೆಳಗೆ ಪದ್ಯ ನಡೆಯುವಷ್ಟು ಹೊತ್ತು ಮೈಮೇಲೆ ಕಾಗೆ ಕೂತರೂ ಅದು ಬೇಗ ಹಾರಿಹೋಗಲಿ ಎಂದು ಬಯಸುತ್ತಿದ್ದೆ, ಅಷ್ಟೇ. ಕೇಳುತ್ತ ಕೇಳುತ್ತ ಎಲ್ಲವೂ ನನಗೆ ಬಾಯಿಪಾಠವಾಯಿತು. ಬಾಯಿ ಇಲ್ಲ, ಆ ಮಾತು ಬೇರೆ.

ಊಟದ ಬಳಿಕ ರೇವಪ್ಪ ಹೆಂಡತಿಗೆ ಅಕ್ಷರ ಕಲಿಸಿದ. ನೆಲದ ಮೇಲೆ ಬಿದ್ದ ಬಿಸಿಲಿನ ತುಂಡೇ ಅವಳ ಪಾಟಿ. ಅದರೊಳಗೆ ಪುಸ್ತಕ ಇಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಚುಕ್ಕೆ ಹಾಳೆಯಿಂದ ಕೆಳಗಿಳಿದರೆ ಪುಸ್ತಕ ಮುಚ್ಚಿ ಒಲೆ ಹಚ್ಚುವ ಹೊತ್ತು. ಮನೆಯಲ್ಲಿ ಗಡಿಯಾರವಿರಲಿಲ್ಲ. ಬೇಕಾಗಲೂ ಇಲ್ಲ.

ಅದೇ ಬೆಳಕಿನಲ್ಲಿ ಇನ್ನೊಬ್ಬನೂ ಕೂರುತ್ತಿದ್ದ. ಮಗ ಶಂಕ್ರ. ಶಾಲೆಯಿಂದ ಬಂದೊಡನೆ ಅವನ ಮುಂದೆ ರಾಟಿ, ಪಕ್ಕದಲ್ಲಿ ನೂಲು. ಲಾಳಿಯೊಳಗೆ ಹಾಕುವ ಕಂಡಿಕೆಗಳಿಗೆ ಅವನು ನೂಲು ಸುತ್ತಬೇಕು. ಹೊರಗೆ ಓಣಿಯಲ್ಲಿ ಹುಡುಗರು ಗೋಲಿಯಾಡುವ ಗದ್ದಲ.

"ಅಪ್ಪಾ, ಸಾಕೇನು?"

"ಬೆಳಕ ಆ ಗ್ವಾಡಿ ಮುಟ್ಟೋತನಕ ಏಳಂಗಿಲ್ಲ ಮಗನ."

ಹುಡುಗ ಕತ್ತೆತ್ತಿ ನನ್ನನ್ನು ನೋಡುತ್ತಿದ್ದ. ಬೇಗ ಸರಿ ಎಂದು ಬೇಡುವಂತೆ ನೋಡುತ್ತಿದ್ದ. ಸರಿಯುವುದು ನನ್ನ ಕೈಯಲ್ಲಿರಲಿಲ್ಲ. ಒಮ್ಮೆ ಸಿಟ್ಟಿನಿಂದ ಖಾಲಿ ಕಂಡಿಕೆ ಎತ್ತಿ ನನ್ನತ್ತ ಎಸೆದ. ಅದು ತೊಲೆಗೆ ಬಡಿದು ಮಸಿ ಉದುರಿಸಿ ಅವನ ತಲೆಯ ಮೇಲೆಯೇ ಬಿತ್ತು. ಅಪ್ಪ ಅವ್ವ ಇಬ್ಬರೂ ನಕ್ಕರು. ಅವನು ನಗಲಿಲ್ಲ.

ಅವನ ಮೀಸೆ ಚಿಗುರುತ್ತಿದ್ದ ಕಾಲದಲ್ಲಿ, ಒಂದು ನಡುಮಧ್ಯಾಹ್ನ, ಲಾಳಿ ಆ ಕಡೆಗೆ ಹೋಗಿ ಈ ಕಡೆಗೆ ಬರಲಿಲ್ಲ. ಪದ್ಯ ಅರ್ಧ ಸಾಲಿಗೆ ನಿಂತಿತು. ರೇವಪ್ಪ ಅರ್ಧ ನೇಯ್ದ ಸೀರೆಯ ಮೇಲೆ ತಲೆಯಿಟ್ಟಿದ್ದ. ಶಂಕ್ರ ಕುಣಿಗೆ ಇಳಿದು ಅಪ್ಪನ ಕಂಕುಳಲ್ಲಿ ಕೈಹಾಕಿ ಮೇಲೆತ್ತಲು ಹೆಣಗಿದ. ಎತ್ತಿದಷ್ಟೂ ಆ ಮೈ ಜಾರುತ್ತಿತ್ತು. ನೆರೆಯವರು ಬರುವತನಕ ಹುಡುಗ ಹಾಗೆಯೇ ಅಪ್ಪನನ್ನು ಅಪ್ಪಿ ಹಿಡಿದು ನಿಂತಿದ್ದ. ಬಿಸಿಲು ಇಬ್ಬರ ಮೇಲೂ ಬಿದ್ದಿತ್ತು. ಬೇರೆಲ್ಲಿ ಬೀಳಲಿ? ನನಗೆ ಇದ್ದದ್ದು ಅದೊಂದೇ ಜಾಗ.

ಆಮೇಲೆ ಮಗ್ಗ ಬಿಚ್ಚಿದರು. ಕುಣಿಯ ಮೇಲೆ ಹಲಗೆ ಮುಚ್ಚಿದರು. ಶಂಕ್ರ ಶಂಕ್ರಪ್ಪನಾದ, ಕಿರಾಣಿ ಅಂಗಡಿಯಲ್ಲಿ ಸಾಮಾನು ತೂಗುವ ಕೆಲಸ ಹಿಡಿದ, ಕಸ್ತೂರಿಯನ್ನು ಮದುವೆಯಾದ, ಅಕ್ಷತಾ ಎಂಬ ಮಗಳನ್ನು ಪಡೆದ. ಬನವ್ವ ಮಾತ್ರ ದಿನಾ ಹಲಗೆಯ ಮೇಲೆ ಮಣೆ ಹಾಕಿಕೊಂಡು, ಗಂಡ ಕಣ್ಣುಮುಚ್ಚಿದ ಅದೇ ಬೆಳಕಿನಲ್ಲಿ ಪುರಾಣ ಓದುತ್ತಿದ್ದಳು. ವಯಸ್ಸಾದಂತೆ ಅವಳ ಕಣ್ಣು ಮಂಜಾಯಿತು. ದೀಪದ ಕೆಳಗೆ ಅಕ್ಷರಗಳು ಇರುವೆಯ ಹಾಗೆ ಹರಿದಾಡುತ್ತವೆ, ಬಿಸಿಲಲ್ಲಿ ಮಾತ್ರ ನಿಲ್ಲುತ್ತವೆ ಅನ್ನುತ್ತಿದ್ದಳು. ಎದುರು ಮನೆಯವರು ಮೂರಂತಸ್ತು ಏರಿಸಿದ ಮೇಲೆ ಬಾಗಿಲ ಮುಂದಿನ ಕಟ್ಟೆಗೆ ಬಿಸಿಲು ಬರುವುದೇ ನಿಂತಿತ್ತು. ಅವಳಿಗಿದ್ದ ಬಿಸಿಲೆಂದರೆ ನಾನು.

ಶಂಕ್ರಪ್ಪ ನಡುಮನೆ ದಾಟುವಾಗ ಗೋಡೆಯ ಪಕ್ಕದಿಂದ ನಡೆಯುತ್ತಿದ್ದ. ಬೆಳಕನ್ನು ತುಳಿಯುತ್ತಿರಲಿಲ್ಲ. ಅವ್ವನ ಓದಿಗೆ ಕೊಡುವ ಮರ್ಯಾದೆ ಎಂದೇ ನಾನು ತಿಳಿದಿದ್ದೆ.

ಅಕ್ಷತಾಳನ್ನು ನೋಡಲು ಗಂಡಿನವರು ಬರತೊಡಗಿದರು. ಮೊದಲು ಬಂದವರ ಶಿರಾದ ತಟ್ಟೆಗೆ ತೊಲೆಯಿಂದ ಮಸಿ ಉದುರಿತು. ಎರಡನೆಯವರಲ್ಲಿ ಒಬ್ಬ ಹಿರಿಯ ಹೆಂಗಸು ಸುತ್ತ ಕಣ್ಣಾಡಿಸಿ, "ಹುಡುಗಿ ಬಣ್ಣ ನೋಡಬೇಕಂದ್ರ ಬ್ಯಾಟರಿ ತರಬೇಕಾಗಿತ್ತಲ್ರಿ ಬೀಗರ," ಅಂದಳು. ಬಂದವರೆಲ್ಲ ನಕ್ಕರು. ಕಸ್ತೂರಿ ಚಹಾದ ಕಪ್ಪುಗಳನ್ನು ಒಳಗೆ ತಂದಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಸಂಬಂಧವೂ ಆಗಲಿಲ್ಲ.

ಹಾಗೆ ಶುರುವಾಯಿತು ಮನೆಯ ರಿಪೇರಿ. ಕೆಡವಿ ಕಟ್ಟುವ ಶಕ್ತಿ ಇರಲಿಲ್ಲ, ಮುಚ್ಚುವುದಷ್ಟೇ ಆಗುತ್ತಿತ್ತು. ಧೂಳಿಗೆ ಅವ್ವನಿಗೆ ಕೆಮ್ಮು ಬರುತ್ತದೆಂದು ಗಜೇಂದ್ರಗಡದಲ್ಲಿದ್ದ ಅವಳ ತಂಗಿಯ ಮನೆಗೆ ಕಳಿಸಿದರು. ಕುಣಿಗೆ ಇಟ್ಟಿಗೆಚೂರು ತುಂಬಿದರು. ಬೇರೆಯವರ ಮನೆಗಳಲ್ಲಿ ಹೆಚ್ಚಾಗಿ ಉಳಿದ ಟೈಲ್ಸ್ ತಂದು ನೆಲಕ್ಕೆ ಹಾಕಿದರು. ಒಂದೊಂದು ಸಾಲಿಗೆ ಒಂದೊಂದು ಹೂವು.

"ನೆಲ ಹೋಗಿ ಹೂವಿನ ಸಂತಿ ಆತು," ಅಂದಳು ಕಸ್ತೂರಿ.

"ಪುಗಸಟ್ಟೆ ಸಿಕ್ಕ ಹೂವಿಗೆ ವಾಸನಿ ನೋಡ್ತಾರೇನು? ಸುಮ್ಮನ ನೆಲ ಒರಸು," ಅಂದ ಶಂಕ್ರಪ್ಪ. ಆ ಮನೆಯಲ್ಲಿ ಅವನು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ. ಗೋಡೆಗೆ ಸುಣ್ಣಬಣ್ಣವನ್ನೂ ಅವನೇ ಹೊಡೆದ. ಕೊನೆಗೆ ಕರಿತೊಲೆಗಳನ್ನು ಮರೆಮಾಡಲು ಬಿಳಿ ಪ್ಲಾಸ್ಟಿಕ್ ಶೀಟಿನ ಸೀಲಿಂಗ್.

ಶೀಟು ಕೂರಿಸಲು ಬಂದವನು ದಾವಲಸಾಬ. ಹಿಂದಿನಿಂದ ಮುಂದಕ್ಕೆ ಒಂದಕ್ಕೊಂದು ಸಿಕ್ಕಿಸುತ್ತ ಬಂದು ನನ್ನ ಕೆಳಗೆ ನಿಂತ.

"ಅಣ್ಣಾರ, ಇಲ್ಲೊಂದು ಗಾಜಿನ ಹಂಚೈತ್ರಿ. ಇಷ್ಟಗಲ ಕತ್ತರಿಸಿ ಬಿಡ್ಲೇನು? ನನಗೇನ ತ್ರಾಸಿಲ್ಲ, ಖರ್ಚೂ ಇಲ್ಲ."

ಶಂಕ್ರಪ್ಪ ಬಂದು ಕತ್ತೆತ್ತಿದ. ಅಷ್ಟು ವರ್ಷಗಳ ಮೇಲೆ ಅವನು ನನ್ನನ್ನು ಮುಖ ಕೊಟ್ಟು ನೋಡಿದ್ದು ಅದೇ ಮೊದಲು. ತಲೆಗೂದಲು ಬೆಳ್ಳಗಾಗಿತ್ತು, ಕಣ್ಣು ಮಾತ್ರ ರಾಟಿಯ ಮುಂದೆ ಕೂತ ಹುಡುಗನದೇ.

"ಮುಚ್ಚು," ಅಂದ.

ಶೀಟು ಟಕ್ಕೆಂದು ಕೂತಿತು. ನಾನು ಮನೆಯನ್ನು ಕಂಡದ್ದು ಅಷ್ಟೇ.

ಬನವ್ವ ಊರಿಂದ ಬಂದ ರಾತ್ರಿ ಟ್ಯೂಬ್‌ಲೈಟ್ ಬೆಳಕಿನಲ್ಲಿ ಮನೆಯನ್ನೆಲ್ಲ ಅಡ್ಡಾಡಿ, "ಹಾಲಿನ್ಯಾಗ ತೊಳದಂಗ ಮಾಡಿರಿ," ಎಂದು ಹೊಗಳಿದಳು. ಮರುದಿನ ಮಣೆ ಹಾಕಿಕೊಂಡು ಕೂತಳು. ಮೋಡ ಕವಿದಿದೆಯೇ ಎಂದು ಕೇಳಿದ್ದು ಆಗಲೇ. ಅದರ ಮರುದಿನವೂ ಕೇಳಿದಳು. ಮೂರನೆಯ ಸಲ ಮೊಮ್ಮಗಳು ಹತ್ತಿರದಲ್ಲಿದ್ದಳು.

"ಅಜ್ಜಿ, ಹೊರಗ ಉರಿಬಿಸಲ ಐತಿ. ಮ್ಯಾಲ ನೋಡಿಲ್ಲೇನು? ಶೀಟ ಹಾಕ್ಯಾರಲ್ಲ."

ಪುಸ್ತಕಕ್ಕೆ ಮತ್ತೆ ಖಣದ ಬಟ್ಟೆ ಸುತ್ತಿದ ಸದ್ದು ಕೇಳಿತು. ಆಮೇಲೆ, "ಹೌದಲಾ," ಎಂಬ ಒಂದು ಮಾತು.

"ಅಪ್ಪಗ ಹೇಳ್ಲೇನು? ಮರತಿರಬೇಕು."

"ಬ್ಯಾಡ ಬ್ಯಾಡ. ಮೊದಲ ನಿನ್ನ ಮ್ಯಾಲ ಅಕ್ಕಿಕಾಳ ಬೀಳಲಿ."

ಮೂರನೆಯ ಗಂಡಿನವರು ಬಂದರು. ಮನೆಯನ್ನು ಮೆಚ್ಚಿದರು, ಹುಡುಗಿಯನ್ನೂ ಒಪ್ಪಿದರು. ಮಾತು ಮುಗಿಯಿತು, ಮದುವೆಯೂ ಆಯಿತು. ಆ ದಿನಗಳಲ್ಲೆಲ್ಲ ಬನವ್ವ ಪುಸ್ತಕ ಬಿಚ್ಚದೆ, ನೆನಪಿನಿಂದಲೇ ಪದ್ಯ ಹೇಳಿಕೊಳ್ಳುತ್ತಿದ್ದಳು. ಮೊದಮೊದಲು ತಡೆಯಿಲ್ಲದೆ ಸಾಗಿತು. ಕ್ರಮೇಣ ಒಂದು ಪದ ಜಾರಿತು, ಆಮೇಲೆ ಒಂದು ಸಾಲು. ಕಾಡಿಗೆ ಹೊರಟ ರಾಣಿ ಊರ ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಬನವ್ವ ಮತ್ತೆ ಮೊದಲಿನಿಂದ ಶುರುಮಾಡಿ ಅಲ್ಲಿಗೇ ಬಂದು ನಿಲ್ಲುವಳು. ಮುಂದಿನ ಸಾಲು ನನಗೆ ಗೊತ್ತಿತ್ತು. ಅವಳ ಗಂಡ ಯಾವ ಅಕ್ಷರವನ್ನು ಎಷ್ಟು ಎಳೆಯುತ್ತಿದ್ದನೆಂಬುದೂ ಗೊತ್ತಿತ್ತು. ಮೇಲೆ ಬಿಸಿಲು ಧಗಧಗ ಉರಿಯುತ್ತಿತ್ತು, ಕೆಳಗೆ ಮುದುಕಿ ಆ ಸಾಲಿಗಾಗಿ ತಡಕಾಡುತ್ತಿದ್ದಳು, ನಡುವೆ ನಾನು.

ಈಗ ನನಗೂ ವಯಸ್ಸಾಗಿದೆ. ಮೇಲಿನ ಅಂಚಿಗೆ ಪಾಚಿ ಹತ್ತಿದೆ. ಒಳಮೈಗೆ ಧೂಳು ಕೂತು, ಜೇಡ ಬಲೆ ಕಟ್ಟಿದೆ. ಶೀಟಿನ ಬೆನ್ನಿನ ಮೇಲೆ ಇಲಿಗಳು ಓಡಾಡುತ್ತವೆ. ನನ್ನ ಬಿಸಿಲಿನ ತುಂಡು ಅಲ್ಲಿ ದಿನವೂ ತನ್ನ ಹಾದಿಯಲ್ಲೇ ಸರಿದು, ಚುಕ್ಕೆ ಸಮೇತ ಗೋಡೆ ಮುಟ್ಟುತ್ತದೆ. ನೋಡುವವರಿಲ್ಲ. ನಾನು ಎಲ್ಲರಿಗೂ ಒಂದೇ ಬೆಳಕು ಕೊಟ್ಟೆ ಎಂದು ಬಹಳ ಕಾಲ ಸಮಾಧಾನಪಟ್ಟಿದ್ದೆ. ಒಬ್ಬಳು ಅದರಲ್ಲಿ ಕೂತು ಅಕ್ಷರ ಕಲಿತಳು. ಒಬ್ಬ ಅದರಲ್ಲಿ ಕೂತು ಅದು ಸರಿಯಲೆಂದು ಕಾದ. ಕೊಟ್ಟವನಿಗೆ ಇದು ತಿಳಿಯುವುದು ಎಷ್ಟು ತಡ!

ನಿನ್ನೆ ಅಂಗಡಿಗೆ ರಜೆ. ಊಟವಾದ ಮೇಲೆ ಕೆಳಗೆ ಮಣೆ ಎಳೆದ ಸದ್ದಾಯಿತು.

"ಶಂಕ್ರಾ, ಇಲ್ಲಿ ಬಾ. ಒಂದ ಮಾತು."

"ಏನವ್ವಾ?"

"ಮದವಿ ಚಂದಂಗ ಆತು. ನಿನ್ನ ತಲಿ ಮ್ಯಾಗಿನ ಭಾರ ಇಳೀತು. ಇನ್ನ ಮನಿ ನೋಡಾಕ ಯಾರೂ ಬರಂಗಿಲ್ಲ. ಇಲ್ಲಿ ಮ್ಯಾಲ ನಿಮ್ಮಪ್ಪ ಕುಂಡ್ರಿಸಿದ ಗಾಜಿನ ಹಂಚೈತಿ. ಗದ್ದಲದಾಗ ಮರತೀರಿ, ನನಗ ಗೊತ್ತೈತಿ. ಆ ಒಂದ ಶೀಟ ತೆಗಸು."

"ಮರತಿಲ್ಲವ್ವಾ."

ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಅಪ್ಪನ್ನ ನಾ ಎತ್ತಿ ಹಿಡಕೊಂಡು ನಿಂತಿದ್ದು ಆ ಬೆಳಕಿನ್ಯಾಗ," ಅಂದ ಶಂಕ್ರಪ್ಪ. ದನಿ ಎತ್ತರವಿರಲಿಲ್ಲ. "ಅದಕ್ಕಿಂತ ಮೊದಲೂ ದಿನಾ ಅದರಾಗ ಕುಂತೀನಿ. ನಿನಗ ಬ್ಯಾರೆ ಲೈಟ್ ಹಾಕಸ್ತೀನಿ. ಕಣ್ಣಿನ ದವಾಖಾನಿಗೆ ಕರಕೊಂಡ ಹೊಕ್ಕೀನಿ. ದಿನಾ ರಾತ್ರಿ ನಾನ ನಿನಗ ಓದಿ ಹೇಳ್ತೀನಿ. ಬ್ಯಾರೆ ಏನರ ಕೇಳು."

"ಬ್ಯಾರೆ ಏನೂ ಬ್ಯಾಡೋ ನನಗ. ಪದ್ಯ ಮರಿಯಾಕ ಹತ್ತೀನಿ. ಬಿಸಲು ಬೇಕು. ಒಂದ ಶೀಟು. ನಾ ಇರೋತನಕ ಅಷ್ಟ."

ನನ್ನ ಮೇಲೆ ಸೂರ್ಯ ನಿಂತಿದ್ದ. ಬೇಡಿದ ಮೇಲೆ ಇಲ್ಲವೆನ್ನದ ರಾಜರ ಕಥೆಗಳು ಎಷ್ಟೋ ಸಲ ಇದೇ ನೆಲದಿಂದ ಎದ್ದು ನನ್ನವರೆಗೆ ಬಂದಿದ್ದವು. ನಾನು ಕಾದೆ.

"ಇಲ್ಲವ್ವಾ," ಅಂದ ಶಂಕ್ರಪ್ಪ. "ತೆಗಸಂಗಿಲ್ಲ."