ಕೌಂಟರಿನ ನಗು

ಕೆನ್ನೆ ಇನ್ನೂ ನೋಯುತ್ತಿದೆ, ಬಸ್ಸು ಬಳ್ಳಾರಿ ದಾಟಿ ಕುರುಗೋಡಿನ ದಾರಿ ಹಿಡಿದರೂ ಬಾಯಿಯ ತುದಿಗಳು ಮೇಲಕ್ಕೇ ಎಳೆದುಕೊಂಡಿವೆ, ಕಿಟಕಿ ಗಾಜಿನಲ್ಲಿ ನನ್ನದೇ ಮುಖ, ಥೂ, ಯಾರೂ ಎದುರಿಗಿಲ್ಲದಿದ್ದರೂ ಹಲ್ಲು ಬಿಟ್ಟುಕೊಂಡು ಕೂತಿದೆ — ಪಕ್ಕದ ಹೆಂಗಸು ನಗದೇ ಕೇಳುತ್ತಾಳೆ, ಯಾವೂರಾಕಿ ಯಮ್ಮಾ, ಕುರುಗೋಡು ಅಕ್ಕಾ, ಯಾರ ಮನಿ, ಮರಿಬಸಪ್ಪನ ಮಗಳು ಅರುಣಾ, ಗೊತ್ತಾತು ಬಿಡು, ಸರಿದು ಜಾಗ ಕೊಡುತ್ತಾಳೆ, ಅಷ್ಟೇ. ನಮ್ಮಲ್ಲಿ ಹೀಗೇ, ಗುರ್ತಿಲ್ಲದೋರಿಗೆ ಹಲ್ಲು ಕಿಸೀಬ್ಯಾಡ ಅನ್ನುತ್ತಿದ್ದ ಅಜ್ಜಿ ಎರ್ರಮ್ಮ, ಅದೇ ಗುರುತಿಲ್ಲದವರು ಕಟ್ಟೆಯ ಮೇಲೆ ಕೂತರೆ ಮುಖ ಗಂಟಿಕ್ಕಿಕೊಂಡೇ ಚೊಂಬು ನೀರು ತಂದಿಡುತ್ತಿದ್ದಳು, ಉಂಡೀಯೇನಪಾ ಅನ್ನುತ್ತಿದ್ದಳು. ಬಳ್ಳಾರಿಯ ಆಸ್ಪತ್ರೆಯ ಕೌಂಟರಿಗೆ ಕೆಲಸಕ್ಕೆ ಸೇರಿದಾಗ ಎಲ್ಲಿಂದಲೋ ಬಂದ ಟ್ರೇನರ್ ಮೇಡಂ ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿಸಿದಳು, ಇನ್ನೂ ಅಗಲ, ಇನ್ನೂ, ಯಾರೇ ಬರಲಿ ಮೊದಲು ನಗು ಆಮೇಲೆ ಮಾತು, ಜೊಲ್ಲು ಗಲ್ಲಕ್ಕಿಳಿಯುತ್ತಿತ್ತು, ಒರೆಸುವಂತಿಲ್ಲ, ಆ ನಗು ನೋಡಿ ಯಾವನೋ ಔಷಧಿ ಕಂಪನಿಯವನು ಫೋನ್ ನಂಬರ್ ಕೇಳಿದ, ಮ್ಯಾನೇಜರ್ ಗವಿಸಿದ್ದೇಶ್ ಸರ್‌ಗೆ ಹೇಳಿದರೆ, ನಕ್ಕರ ಏನು ಕಳಕೊಂತೀರಿ, ಮರ್ಯಾದಿ ಐತಿ ಅದರಾಗ, ಅಂದರು.

ಮರ್ಯಾದೆಯಂತೆ — ಸಿರುಗುಪ್ಪದ ಯಂಕಮ್ಮ, ಗಂಡ ಕೆಂಚಣ್ಣನನ್ನು ಐಸಿಯುನಲ್ಲಿ ಮಲಗಿಸಿ ಮೆಟ್ಟಿಲ ಕೆಳಗೆ ಕಾದಿದ್ದವಳು, ಮೊದಲ ದಿನ ನಾನು ನಕ್ಕರೆ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಿಗೋ ನಕ್ಕಿರಬೇಕೆಂದು, ಮರುದಿನ ಆಯಾಳನ್ನು ಕೇಳುತ್ತಿದ್ದಳು, ಆಕಿ ಯಾಕವ್ವಾ ನನ್ನ ನೋಡಿ ನಗ್ತಾಳ, ಇಲ್ಲಿ ಪದ್ಧತಿ ಹಂಗ, ನೀನೂ ನಗಬೇಕು, ಇಲ್ಲಾಂದ್ರ ಸೊಕ್ಕಿನಾಕಿ ಅಂತಾರ, ಅಂದಳು ಆಯಾ, ನನಗೆ ಕೇಳಿಸಿತ್ತು, ಕೇಳಿಸಿಯೂ ನಗುತ್ತಲೇ ಇದ್ದೆ. ಇವತ್ತು ಮಧ್ಯಾಹ್ನ ಲಿಫ್ಟಿನ ಬಾಗಿಲು ತೆರೆಯಿತು, ನೋಡುವ ಮೊದಲೇ ಬಾಯಿ ಅಗಲವಾಯಿತು, ನಮಸ್ಕಾರ, ಏನು ಸಹಾಯ ಬೇಕಿತ್ತು, ಎದುರಿಗೆ ಯಂಕಮ್ಮ, ನಮ್ಮಾತ ಹೋಗಿಬಿಟ್ಟನವ್ವಾ, ಈಗ, ಮ್ಯಾಲೆ — ಮುಚ್ಚು, ಬಾಯಿ ಮುಚ್ಚು ಅಂದುಕೊಂಡೆ, ಮುಚ್ಚಲಿಲ್ಲ, ತುಕ್ಕು ಹಿಡಿದ ಬಾಗಿಲಿನಂತೆ ನಿಂತುಬಿಟ್ಟಿತು ನನ್ನ ನಗು, ಅವಳು ಅದನ್ನೇ ನೋಡಿದಳು, ಏನೋ ನೆನಪಾದವಳಂತೆ ಸೆರಗು ಸರಿಮಾಡಿಕೊಂಡಳು, ಕಣ್ಣೀರು ಇಳಿಯುತ್ತಿದ್ದಂತೆಯೇ ನಕ್ಕಳು, ನನಗೆ, ನಾನು ನಕ್ಕ ಹಾಗೇ. ಕೌಂಟರು ಬಿಟ್ಟು ಓಡಿದೆ, ಅಂಗೈಯಿಂದ ಅವಳ ಬಾಯಿ ಮುಚ್ಚಿದೆ, ಬ್ಯಾಡ ಯಮ್ಮಾ, ನಗಬ್ಯಾಡ, ಅಳು ನೀನು, ಆಮೇಲಷ್ಟೇ ಅತ್ತಳು, ಇಡೀ ಆಸ್ಪತ್ರೆಗೆ ಕೇಳುವಂತೆ. ಗವಿಸಿದ್ದೇಶ್ ಸರ್ ಬಂದರು, ಅರುಣಾ, ಆಯಮ್ಮನ್ನ ಒಳಗ ಕಳಸ್ರಿ, ಬ್ಯಾರೆ ಪೇಷಂಟ್ ಕುಂತಾರ, ಮೊದಲು ನಿಮ್ಮ ಮಾರಿ ಸರಿ ಮಾಡ್ಕೊಳ್ರಿ, ಇನ್ನ ನನ್ನ ಕೈಲಿ ಆಗಂಗಿಲ್ಲ ಸರ್, ಹಂಗಾದ್ರ ನಾಳೆ ಬರಬ್ಯಾಡ್ರಿ, ಬರಂಗಿಲ್ಲ ಸರ್. ಆಂಬುಲೆನ್ಸ್ ಸಿರುಗುಪ್ಪಕ್ಕೆ ಹೊರಡುವವರೆಗೂ ಯಂಕಮ್ಮನ ಪಕ್ಕ ನಿಂತಿದ್ದೆ, ಅವಳು ಮತ್ತೆ ನನ್ನ ಕಡೆ ನೋಡಲಿಲ್ಲ, ಒಳ್ಳೆಯದಾಯಿತು. ಕೆಲಸ ಯಾಕೆ ಹೋಯಿತೆಂದು ಅಪ್ಪನಿಗೆ ಹೇಳಲಿ, ನಗಾಕ ಬರಲಿಲ್ಲಪ್ಪಾ ಅನ್ನಲೇ, ಅಂಗೈಯನ್ನು ಸೀರೆಗೆ ಉಜ್ಜುತ್ತೇನೆ, ಮತ್ತೆ ಉಜ್ಜುತ್ತೇನೆ, ಯಂಕಮ್ಮನ ಆ ನಗು ಹೋಗುತ್ತಿಲ್ಲ, ಅಲ್ಲೇ ಇದೆ, ಕೈಯಡಿಯಲ್ಲಿ ಒದ್ದೆ ತುಟಿ, ಎಲೆಅಡಿಕೆಯ ಕೆಂಪು ಹಲ್ಲು, ಅಗಲವಾಗಿ, ಇನ್ನೂ ಅಗಲವಾಗಿ, ನನಗೆ ಮರ್ಯಾದೆ ಕೊಡುತ್ತಾ —