ಕೇಬಲ್ ಚುಚ್ಚಿದರೆ ನಿಲ್ಲುವ ಕಥೆ

1

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಕೇಬಲ್ ಚುಚ್ಚಿದ ಮೇಲೋ, ಕಿತ್ತ ಮೇಲೋ? ಚುಚ್ಚಿದರೆ ಕಂಪ್ಯೂಟರ್ ನಿಂತುಬಿಡುತ್ತದೆ, ಕಥೆಯೂ ನಿಂತೀತು ಎಂಬ ಭಯ. ಕಿತ್ತೇ ಶುರುಮಾಡೋಣ.

ಪಾಲಾರಿವಟ್ಟಂನ ಒಂದು ಬ್ಯಾಂಕ್. ಚಂದ್ರಾವತಿ ಮೂರು ತಿಂಗಳ ಹಿಂದೆ ತಿರುವನಂತಪುರದಿಂದ ವರ್ಗವಾಗಿ ಬಂದವಳು. ಅಲ್ಲಿಗೇ ವಾಪಸು ಕಳಿಸಿ ಎಂಬ ಅರ್ಜಿ ಇವತ್ತು ಐದು ಗಂಟೆಯೊಳಗೆ ಹೋಗಬೇಕು. ಬ್ಯಾಂಕಿನ ನೆಟ್‌ವರ್ಕಿನಲ್ಲಿ ಮಾತ್ರ ಹೋಗುತ್ತದೆ, ಮೊಬೈಲಿನಲ್ಲಿ ಆಗದು. ನೆಟ್‌ವರ್ಕಿನ ಕೇಬಲ್ ಕಿತ್ತರೆ ಅವಳ ಕಂಪ್ಯೂಟರ್ ಜಿಂಕೆ, ಆದರೆ ಅರ್ಜಿಗೆ ದಾರಿಯಿಲ್ಲ. ಚುಚ್ಚಿದರೆ ದಾರಿಯಿದೆ, ಕಂಪ್ಯೂಟರ್ ಕಲ್ಲು.

(ಜಿಂಕೆ, ಕಲ್ಲು ಎರಡೂ ಹಳೆಯ ಉಪಮೆಗಳು. ಗೊತ್ತು. ಹೊಸದು ಸಿಕ್ಕಿದರೆ ತಿದ್ದುತ್ತೇನೆ.)

2

ಮೊದಲ ಡ್ರಾಫ್ಟಿನಲ್ಲಿ ಅವಳು ಅಳುತ್ತಿದ್ದಳು.

"ನಾನ್ಯಾಕೆ ಅಳಬೇಕು ಮಾರಾಯ್ರೇ?" ಎಂದು ನನ್ನನ್ನೇ ಕೇಳಿದಳು ಚಂದ್ರಾವತಿ. ಕಾಸರಗೋಡಿನ ಹೆಂಗಸು, ಬಿಡುವವಳಲ್ಲ. "ನಾಲ್ಕೂವರೆ ಆಯ್ತು. ಕಂಪ್ಯೂಟರ್ ರಿಪೇರಿಯ ಅಶ್ರಫನನ್ನು ಕರೀರಿ ಮೊದಲು."

ಡ್ರಾಫ್ಟ್ ಹರಿದೆ.

4

(ಮೂರನ್ನು ಬಿಟ್ಟಿದ್ದೇನೆ. ಅದರಲ್ಲಿ ಅಶ್ರಫ್ ಎಂಟು ದಿನದಿಂದ ಮಾಡಿದ್ದೆಲ್ಲ ಇತ್ತು: ಬೇರೆ ಕೇಬಲ್, ಗೋಡೆಯ ಬೇರೆ ಪೋರ್ಟ್, ಹೊಸ ಡ್ರೈವರ್. ಬರೆದ ನನಗೇ ಆಕಳಿಕೆ ಬಂತು.)

ಬ್ಯಾಂಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅಶ್ರಫ್ ಕೂಡ ಕಾಸರಗೋಡಿನವನೇ. ಈ ಸಲ ಕೇಬಲ್ ಮುಟ್ಟಲಿಲ್ಲ. ಪರದೆಯನ್ನೇ ದಿಟ್ಟಿಸಿದ.

"ಚಂದ್ರಕ್ಕ, ಐಕಾನ್‌ಗಳ ಹಿಂದೆ ಎಂತಕ್ಕೆ ಬರೀ ಕಪ್ಪು? ಫೋಟೋ ಇತ್ತಲ್ಲ?"

"ಇತ್ತು. ತಿರುವನಂತಪುರದ ಚಾಲೈ ಪೇಟೆಯಲ್ಲಿ ಆಫೀಸಿನ ನಾವು ನಾಲ್ಕು ಜನ ಬಾಳೆಗೊನೆ ಹಿಡಿದು ನಿಂತದ್ದು. ಐದು ನಿಮಿಷಕ್ಕೊಂದು ಬದಲಾಗ್ತಿತ್ತು."

"ಎಲ್ಲಿಂದ ಬರ್ತಿತ್ತು?"

"ಅಲ್ಲಿಯ ಆಫೀಸಿನ ಫೋಲ್ಡರಿಂದ. ಇಲ್ಲಿಗೆ ಬಂದ ದಿನವೇ ನಾನೇ ಜೋಡಿಸಿ..." ದನಿ ಸಣ್ಣದಾಯಿತು.

"ಪಡಚ್ಚೋನೇ, ದೇವರೇ!" ಅಶ್ರಫ್ ತಲೆಗೆ ಕೈಯಿಟ್ಟ. "ಆ ಫೋಲ್ಡರನ್ನು ಅವರು ಎಂಟು ದಿನದ ಹಿಂದೆಯೇ ಮುಚ್ಚಿದ್ದಾರೆ. ಕೇಬಲ್ ಹಾಕಿದ ಕೂಡ್ಲೆ ನಿಮ್ಮ ಕಂಪ್ಯೂಟರ್ ಅಲ್ಲಿಗೆ ಹೊರಡ್ತದೆ. ಯಾರೂ ಬಾಗಿಲು ತೆಗೆಯುದಿಲ್ಲ. ಜಗಲಿಯಲ್ಲೇ ಕೂತಿರ್ತದೆ. ಎಂಟು ದಿನ ನನ್ನ ಸೊಂಟ ಮುರಿದದ್ದು ಬಾಳೆಗೊನೆಯಾ ಅಕ್ಕ?"

"ವರ್ಗದ ಆರ್ಡರಿಲ್ಲದೆ ನನಗಿಂತ ಮೊದಲು ಹೊರಟದ್ದು ನೋಡು ಅದು!" ಎಂದು ನಕ್ಕಳು. ಕಿವಿ ಮಾತ್ರ ಕೆಂಪಾಗಿತ್ತು.

ಫೋಲ್ಡರಿನ ನಂಟನ್ನು ಅವಳೇ ಅಳಿಸಿದಳು. ಅಶ್ರಫ್ ಕೇಬಲ್ ಚುಚ್ಚಿದ. ಕಂಪ್ಯೂಟರ್ ಓಡಿತು. ತುಂಬಿಟ್ಟ ಅರ್ಜಿ ತೆರೆದುಕೊಂಡಿತು. ನಾಲ್ಕು ಐವತ್ತೊಂದು.

"ಅಲ್ಲಿಗೆ ಹೋದ ಮೇಲೆ ಕಂಪ್ಯೂಟರ್ ಕೆಟ್ಟರೆ ಯಾರನ್ನು ಬೈತೀರಿ?" ಎನ್ನುತ್ತ ಅಶ್ರಫ್ ಚಾಯ ತರಲು ಹೋದ.

5

ಮುಕ್ತಾಯ ಒಂದು: ಅರ್ಜಿ ಕಳಿಸುವ ಗುಂಡಿ ಒತ್ತುತ್ತಾಳೆ. ಚಾಲೈಯಲ್ಲಿ ಮತ್ತೊಂದು ಬಾಳೆಗೊನೆ, ಮತ್ತೊಂದು ಫೋಟೋ.

ಮುಕ್ತಾಯ ಎರಡು: ಒತ್ತುವುದಿಲ್ಲ. ಅಶ್ರಫ್ ಚಾಯದ ಜೊತೆ ಬಾಳೆಹಣ್ಣಿನ ಪಳಂಪೊರಿಯನ್ನೂ ತರುತ್ತಾನೆ.

(ಎರಡನೆಯದರಲ್ಲಿ ತಿಂಡಿ ಇದೆ. ಇದು ಪಕ್ಷಪಾತವಾಯಿತೇ?)

"ನೀವು ಹೀಗೆ ಬೆನ್ನ ಹಿಂದೆ ನಿಂತರೆ ನನ್ನ ಕೈ ಓಡುದಿಲ್ಲ," ಎಂದಳು ಚಂದ್ರಾವತಿ. "ನೀವೂ ಒಂದು ಕೇಬಲೇ. ಕೀಳಿ."

"ಆದರೆ ಓದುಗರು..."

"ಅವರಿಗೂ ಹೇಳಿ. ಇನ್ನೂ ಎಂಟು ನಿಮಿಷ ಉಂಟು. ಅದು ನನ್ನದು."

ಅವಳ ಬೆರಳು ಮೌಸಿನ ಮೇಲಿದೆ. ನಾನು ನನ್ನ ಕೇಬಲ್ ಕಿತ್ತೆ. ಓದುಗರೇ, ನಿಮ್ಮದೂ.